ಮಂಗಳೂರು ದೂರವೋ, ದೇವನಹಳ್ಳಿ ದೂರವೋ?

ಬೆಂಗಳೂರು ಏರ್‌ಪೋರ್ಟ್‌ನಿಂದ ಮಂಗಳೂರು ಏರ್‌ಪೋರ್ಟ್‌ಗೆ ನೇರ ಗೆರೆ ಎಳೆದರೆ ಸುಮಾರು 305 ಕಿಲೋಮೀಟರ್. ರಸ್ತೆಯಲ್ಲಾದರೆ ಊರಿಂದ ಊರಿಗೇ 350ರ ಆಸುಪಾಸು, ಜೊತೆಗೆ ಶಿರಾಡಿ ಘಾಟಿಯ ಕೃಪೆ ಬೇರೆ ಬೇಕು.

ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಇರುತ್ತದೆ. ಅದರಲ್ಲಿ ನಿಜವಾಗಿ ಹಾರೋದು ಮುಕ್ಕಾಲು ಗಂಟೆ ಇರಬಹುದು ಅಷ್ಟೆ. ಉಳಿದದ್ದು ರನ್‌ವೇ ಕಡೆ ತೆವಳೋದು, ಸರದಿ ಕಾಯೋದು. ಸೀಟ್‌ಬೆಲ್ಟ್ ದೀಪ ಆರಿ, ನೀರು ಕೊಟ್ಟು ಮುಗಿಸುವಷ್ಟರಲ್ಲಿ ಇಳಿಯುವ ಅನೌನ್ಸ್‌ಮೆಂಟ್. ಕಿಟಕಿ ಸೀಟು ಸಿಕ್ಕರೆ ಮಾತ್ರ ಮಜಾ. ಒಣ ಬಯಲು ಮುಗಿದು ಘಟ್ಟದ ಕಡುಹಸಿರು ಶುರುವಾಗುತ್ತದೆ, ಆಮೇಲೆ ತೆಂಗಿನ ತೋಟ, ಹಂಚಿನ ಮನೆಗಳು. ಗುಡ್ಡದ ನೆತ್ತಿ ಮಟ್ಟ ಮಾಡಿ ಕಟ್ಟಿದ ಬಜ್ಪೆ ರನ್‌ವೇ ಬಂದಾಗ ಪಕ್ಕದವರು ಸುಮ್ನೆ ಸೀಟಿನ ಕೈಹಿಡಿಯನ್ನು ಬಿಗಿಯಾಗಿ ಹಿಡಿಯುತ್ತಾರೆ.

ಆದರೆ ಜಯನಗರದಿಂದ ದೇವನಹಳ್ಳಿಗೆ? ಸಂಜೆ ಹೊತ್ತಾದರೆ ಎರಡು ಗಂಟೆ ಇಟ್ಟುಕೊಳ್ಳಿ. ಅಂದರೆ ಘಟ್ಟ ಇಳಿಯುವುದಕ್ಕಿಂತ ಊರು ದಾಟೋದಕ್ಕೇ ಜಾಸ್ತಿ ಹೊತ್ತು ಬೇಕು, ಅಲ್ವಾ?

ಈಗ ಹೆಬ್ಬಾಳದಲ್ಲಿ ನಿಂತ ಕ್ಯಾಬ್‌ನಲ್ಲಿದ್ದೇನೆ. ಅಮ್ಮನ ಫೋನ್: "ಎಲ್ಲಿಗೆ ಮುಟ್ಟಿತು?"

"ಹೆಬ್ಬಾಳ."

"ಇನ್ನೂ ಅಲ್ಲೇ ಉಂಟಾ? ರಾತ್ರಿ ಬಸ್ಸಿಗೆ ಬಂದಿದ್ರೆ ಚಂದ ನಿದ್ದೆಯಾದ್ರೂ ಆಗ್ತಿತ್ತು."

ಶಿರಾಡಿ ತಿರುವುಗಳಲ್ಲಿ ಚಂದ ನಿದ್ದೆ ಬರುತ್ತದೆ ಅಂತ ಅಮ್ಮನಿಗೆ ಯಾರು ಹೇಳಿದರೋ!