ಮೆಡಿಕಲ್ ಶಾಪ್ ಕೌಂಟರ್‌ನಿಂದ ನೋಡಿದ ‘ಅಪೋಥೆಕರಿ ಡೈರೀಸ್’

ನಮ್ಮ ಮನೆಯಲ್ಲಿ ಈಗ ‘ದಿ ಅಪೋಥೆಕರಿ ಡೈರೀಸ್’ ಅನ್ನುವ ಅನಿಮೆಯ, ಅಂದರೆ ಜಪಾನಿನ ಕಾರ್ಟೂನ್ ಸರಣಿಯ, ಎರಡನೇ ಸೀಸನ್ ನಡೆಯುತ್ತಿದೆ. ರಾತ್ರಿ ಊಟ ಆದಮೇಲೆ ಒಂದೇ ಎಪಿಸೋಡ್. ತಂಗಿಗೆ ಅವಸರ, ಒಂದೇ ಸಲ ಕೂತು ನಾಲ್ಕೈದು ಮುಗಿಸಿಬಿಡೋಣ ಅಂತಾಳೆ. ನಾನು ಒಪ್ಪುವುದಿಲ್ಲ. ಈ ಸರಣಿಯಲ್ಲಿ ಕಥೆ ಇರುವುದೇ ಸಣ್ಣಸಣ್ಣ ವಿಷಯಗಳಲ್ಲಿ. ಯಾರ ಬೆರಳು ಯಾವ ಬಣ್ಣಕ್ಕೆ ತಿರುಗಿದೆ, ಯಾರು ತಟ್ಟೆಯಲ್ಲಿ ಏನು ಬಿಟ್ಟರು, ಇಂಥವು. ಓಡಿಸಿಕೊಂಡು ನೋಡಿದರೆ ಅದೆಲ್ಲ ಕೈತಪ್ಪಿ ಹೋಗುತ್ತದೆ.

ಗೆಳೆಯರ ಜೊತೆ ಮಾತಿಗೆ ಕೂತರೆ ಎಲ್ಲರೂ ಕೇಳುವುದು ಅಂತಃಪುರ ನೋಡಿಕೊಳ್ಳುವ ಅಧಿಕಾರಿ ಜಿನ್ಶಿ ಮತ್ತು ಕಥೆಯ ನಾಯಕಿ ಮಾವೊಮಾವೊ ಯಾವಾಗ ಒಂದಾಗುತ್ತಾರೆ ಅಂತ. ಕೇಳಲಿ, ತಪ್ಪೇನಿಲ್ಲ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆ ಜೋಡಿ ಅಲ್ಲ. ನಾನು ಫಾರ್ಮಸಿಸ್ಟ್. ಹಾಸನದಲ್ಲಿ ಒಂದು ಮೆಡಿಕಲ್ ಶಾಪ್‌ನ ಕೌಂಟರ್ ಹಿಂದೆ ದಿನವಿಡೀ ನಿಂತಿರುತ್ತೇನೆ. ಡಾಕ್ಟರುಗಳ ಬಗ್ಗೆ ಕಥೆ, ಸಿನಿಮಾ, ಸೀರಿಯಲ್ಲು ಬೇಕಾದಷ್ಟಿವೆ. ಔಷಧಿ ಕೊಡುವವರು ಅವುಗಳಲ್ಲಿ ಚೀಟಿ ನೋಡಿ ಮಾತ್ರೆ ಎತ್ತಿಕೊಡುವ ಒಂದು ಕೈ ಅಷ್ಟೇ. ಇಲ್ಲಿ ಹಾಗಲ್ಲ. ಇಡೀ ಕಥೆ ನಿಂತಿರುವುದೇ ಔಷಧಿ ಅರೆಯುವ ಒಬ್ಬ ಹುಡುಗಿಯ ಮೇಲೆ. ಅವಳ ಕೆಲಸವನ್ನು ಇಷ್ಟು ಗೌರವದಿಂದ ತೋರಿಸಿದ ಇನ್ನೊಂದು ಅನಿಮೆ ನಾನು ಕಂಡಿಲ್ಲ.

ನಾತ್ಸು ಹ್ಯೂಗಾ ಅವರು 2011ರಲ್ಲಿ ಇದನ್ನು ಇಂಟರ್ನೆಟ್ಟಿನಲ್ಲಿ ಕಾದಂಬರಿಯಾಗಿ ಬರೆಯಲು ಶುರು ಮಾಡಿದರು. ಆಮೇಲೆ ಪುಸ್ತಕ ಬಂತು, ಮಂಗಾ (ಜಪಾನಿ ಕಾಮಿಕ್ಸ್) ಬಂತು. ಅನಿಮೆ ಶುರುವಾಗಿದ್ದು 2023ರ ಅಕ್ಟೋಬರ್‌ನಲ್ಲಿ. ಹಳೇ ಚೀನಾವನ್ನು ಹೋಲುವ ಒಂದು ಕಲ್ಪನೆಯ ದೇಶ. ಮಾವೊಮಾವೊ ವೇಶ್ಯೆಯರ ಕೇರಿಯಲ್ಲಿ ಸಾಕುತಂದೆ ಲುವೊಮೆನ್ ಹತ್ತಿರ ಔಷಧಿ ಕಲಿತವಳು. ಅವಳನ್ನು ಯಾರೋ ಹೊತ್ತೊಯ್ದು ಅರಮನೆಯ ಅಂತಃಪುರಕ್ಕೆ ಮಾರಿಬಿಡುತ್ತಾರೆ. ಅಲ್ಲಿ ಅವಳದು ಬಟ್ಟೆ ಒಗೆಯುವವರ ಜೊತೆಗಿನ ಕೆಲಸ.

ಮೊದಲ ಎಪಿಸೋಡಿನ ಕಥೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೋಡದವರು ನೋಡಿ ಬಂದು ಮುಂದೆ ಓದಿ.

ಚಕ್ರವರ್ತಿಯ ಮಕ್ಕಳು ಎಳವೆಯಲ್ಲೇ ಸಾಯುತ್ತಿವೆ. ಶಾಪ ಅಂತ ಎಲ್ಲರೂ ಪಿಸುಗುಡುತ್ತಾರೆ. ಇಬ್ಬರು ರಾಣಿಯರು ಎಲ್ಲರೆದುರೇ ಜಗಳಕ್ಕೆ ನಿಂತಾಗ ಮಾವೊಮಾವೊ ಗುಂಪಿನ ಹಿಂದಿನಿಂದ ನೋಡುತ್ತಾಳೆ. ತಲೆನೋವು, ಹೊಟ್ಟೆನೋವು, ವಾಂತಿ ಅನ್ನುವ ಮಾತು ಮೊದಲೇ ಕಿವಿಗೆ ಬಿದ್ದಿರುತ್ತದೆ. ಈಗ ಮುಖಕ್ಕೆ ದಪ್ಪಗೆ ಬಳಿದ ಬಿಳಿ ಪೌಡರ್ ಕಣ್ಣಿಗೆ ಬೀಳುತ್ತದೆ. ಅಷ್ಟು ಸಾಕು ಅವಳಿಗೆ. ತನ್ನ ಲಂಗದ ಅಂಚು ಹರಿದು, ಪೌಡರ್ ವಿಷ, ಮಗುವಿಗೆ ತಾಗಿಸಬೇಡಿ ಅಂತ ಬರೆದು, ಹೂವಿನ ಕೊಂಬೆಗೆ ಕಟ್ಟಿ ಇಬ್ಬರ ಕಿಟಕಿಯಲ್ಲೂ ಇಟ್ಟು ಬರುತ್ತಾಳೆ. ಒಬ್ಬ ರಾಣಿ ಆ ಮಾತು ಕೇಳುತ್ತಾಳೆ, ಅವಳ ಮಗಳು ಉಳಿಯುತ್ತಾಳೆ. ಇನ್ನೊಬ್ಬಳ ಮಗ ಉಳಿಯುವುದಿಲ್ಲ.

ಪೌಡರ್‌ನಲ್ಲಿ ಇದ್ದದ್ದು ಸೀಸ. ಇದು ಕಥೆಗೋಸ್ಕರ ಕಟ್ಟಿದ್ದಲ್ಲ. ಜಪಾನಿನಲ್ಲಿ ಮುಖಕ್ಕೆ ಹಚ್ಚುವ ಬಿಳಿ ಪೌಡರ್‌ಗೆ ನೂರಾರು ವರ್ಷ ಸೀಸ ಬಳಸುತ್ತಿದ್ದರು. 1887ರಲ್ಲಿ ಚಕ್ರವರ್ತಿಯ ಎದುರು ಕಬುಕಿ ನಾಟಕ ಆಡುವಾಗ ನಕಾಮುರಾ ಫುಕುಸುಕೆ ಎಂಬ ಹೆಸರಾಂತ ನಟನ ಕಾಲು ನಿಲ್ಲದೆ ನಡುಗಿತು. ದಿನಾ ಬಳಿದುಕೊಳ್ಳುತ್ತಿದ್ದ ಬಣ್ಣದ ಸೀಸ ಮೈಗೆ ಏರಿತ್ತು. ಅದಕ್ಕಿಂತ ಸಂಕಟದ್ದು ಮಕ್ಕಳ ಕಥೆ. ಎಳೇ ಕೂಸುಗಳಿಗೆ ಮಿದುಳು ಜ್ವರದ ಹಾಗೆ ಕಾಣುವ ಕಾಯಿಲೆ ಬಂದು ಸಾಯುತ್ತಿದ್ದವು, ಕಾರಣ ಯಾರಿಗೂ ಹೊಳೆದಿರಲಿಲ್ಲ. 1923ರಲ್ಲಿ ಕ್ಯೋಟೋದ ಮಕ್ಕಳ ಡಾಕ್ಟರ್ ಇಕುತಾರೋ ಹಿರಾಯ್ ಅದನ್ನು ಪತ್ತೆ ಮಾಡಿದರು. ತಾಯಂದಿರು ಹಚ್ಚಿಕೊಳ್ಳುತ್ತಿದ್ದ ಪೌಡರ್‌ನ ಸೀಸ ಕೂಸಿನ ಹೊಟ್ಟೆ ಸೇರುತ್ತಿತ್ತು. ಅಂದರೆ ಮಾವೊಮಾವೊ ಬಟ್ಟೆ ಚೂರಿನ ಮೇಲೆ ಬರೆದದ್ದು ಜಪಾನಿನ ತಾಯಂದಿರಿಗೆ ಗೊತ್ತಾಗಲು ಇಪ್ಪತ್ತನೇ ಶತಮಾನವೇ ಬರಬೇಕಾಯಿತು. ಇದನ್ನು ತಿಳಿದುಕೊಂಡು ಆ ಎಪಿಸೋಡನ್ನು ಮತ್ತೆ ಹಾಕಿ ನೋಡಿದೆ. ಆ ಎರಡನೇ ಕಿಟಕಿಯನ್ನು ನೋಡಲು ಆಗಲಿಲ್ಲ ನನಗೆ.

ನಮ್ಮ ಅಂಗಡಿಗೂ ಕೂಸಿಗೆ ಹಚ್ಚಲು ಕಾಡಿಗೆ ಕೇಳಿಕೊಂಡು ಬರುತ್ತಾರೆ. ಹೆಸರಿಲ್ಲದ ಡಬ್ಬಿಗಳಲ್ಲಿ ಸಿಗುವ ಸುರ್ಮಾ ಎಷ್ಟೋ ಸಲ ಸೀಸದ ಪುಡಿಯೇ ಆಗಿರುತ್ತದೆ. ಕೂಸು ಕಣ್ಣುಜ್ಜಿಕೊಂಡ ಕೈಯನ್ನೇ ಬಾಯಿಗೆ ಹಾಕಿಕೊಳ್ಳುತ್ತದಲ್ವಾ? ದೊಡ್ಡವರಿಗಿಂತ ಕೂಸಿನ ಮೈ ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಬೇಡಮ್ಮ, ಕಣ್ಣಿಗೆ ಏನೂ ಹಚ್ಚಬೇಡಿ ಅಂತ ಹೇಳಿ ಕಳಿಸುತ್ತೇನೆ. ದೃಷ್ಟಿ ಆಗಬಾರದು ಅಂತ ತುಂಬಾ ಮನಸ್ಸಿದ್ದರೆ, ಮನೆಯಲ್ಲೇ ದೀಪದ ಹೊಗೆ ಹಿಡಿದು ಮಾಡಿದ ಕಾಡಿಗೆಯ ಒಂದು ಬೊಟ್ಟು ಪಾದಕ್ಕೆ ಇಡಿ ಅಂತೀನಿ.

ಮಗನನ್ನು ಕಳೆದುಕೊಂಡ ರಾಣಿ ಲಿಹುವಾಳ ಕಥೆ ಮುಂದೆ ಇನ್ನೂ ಗಟ್ಟಿಯಾಗುತ್ತದೆ. ಅವಳೂ ಹಾಸಿಗೆ ಹಿಡಿಯುತ್ತಾಳೆ. ಅವಳ ಆರೈಕೆಗೆ ಮಾವೊಮಾವೊನನ್ನು ಕಳಿಸುತ್ತಾರೆ. ಹೋಗಿ ನೋಡಿದರೆ, ಸುಂದರವಾಗಿ ಕಾಣಲಿ ಅಂತ ಸಖಿಯೊಬ್ಬಳು ಅದೇ ಪೌಡರ್ ಇನ್ನೂ ಹಚ್ಚುತ್ತಿದ್ದಾಳೆ! ಎಂದೂ ದನಿ ಎತ್ತದ ಮಾವೊಮಾವೊ ಅಲ್ಲಿ ಕೆರಳುವುದನ್ನು ನೋಡಬೇಕು. ಕೆನ್ನೆಗೆ ಬಾರಿಸುತ್ತಾಳೆ, ಪೌಡರನ್ನು ಅವಳ ತಲೆ ಮೇಲೆಯೇ ಸುರಿಯುತ್ತಾಳೆ. ನಮ್ಮ ಗುಂಪಿನಲ್ಲಿ ಎಲ್ಲರಿಗೂ ನೆನಪಿರುವುದು ಆ ಏಟು. ನನಗೆ ಇಷ್ಟವಾದದ್ದು ಏಟು ಮುಗಿದ ಮೇಲಿನ ಭಾಗ. ಗಂಜಿ ಕಾಯಿಸುತ್ತಾಳೆ. ಚಮಚದಲ್ಲಿ ಒಂದೊಂದೇ ಗುಟುಕು ಬಾಯಿಗೆ ಬಿಡುತ್ತಾಳೆ. ಹಬೆಯಲ್ಲಿ ಕೂರಿಸಿ ಬೆವರಿಸುತ್ತಾಳೆ. ಪವಾಡದ ಮದ್ದು ಅಂತ ಯಾವುದೂ ಇಲ್ಲ. ದಿನ ಕಳೆದಂತೆ ನಿಧಾನಕ್ಕೆ ಆ ಹೆಂಗಸಿನ ಮುಖಕ್ಕೆ ಬಣ್ಣ ಬರುತ್ತದೆ. ಆರೈಕೆ ಅಂದರೆ ಹೀಗೇ ಇರುತ್ತದೆ. ಅದನ್ನು ಬೇಸರವಾಗದ ಹಾಗೆ ತೋರಿಸುವುದು ಸುಲಭವಲ್ಲ.

ಲುವೊಮೆನ್ ಕಲಿಸಿದ ಒಂದು ಪಾಠ ಇದೆ: ಊಹೆಯ ಮೇಲೆ ಮಾತಾಡಬೇಡ. ಮಾವೊಮಾವೊ ಅದನ್ನು ಸರಣಿಯುದ್ದಕ್ಕೂ ನೆನೆಸಿಕೊಳ್ಳುತ್ತಾಳೆ. ಉತ್ತರ ಹೊಳೆದಿರುತ್ತದೆ, ಆದರೂ ಖಾತ್ರಿ ಆಗುವ ತನಕ ಬಾಯಿ ಬಿಡುವುದಿಲ್ಲ. ಕೆಲವರಿಗೆ ಇದು ಎಳೆದಾಟ ಅನ್ನಿಸಿದೆ. ಗೊತ್ತಿದ್ದರೆ ಹೇಳಬಾರದಾ ಅಂತ ತಂಗಿಯೂ ಸಿಡುಕುತ್ತಾಳೆ. ನನಗೆ ಅದೇ ಈ ಸರಣಿಯ ಜೀವ ಅನ್ನಿಸುತ್ತದೆ.

ಯಾಕೆ ಅಂತ ಹೇಳುತ್ತೇನೆ. ಸಂಜೆ ರಷ್ ಹೊತ್ತಿನಲ್ಲಿ ವಯಸ್ಸಾದವರೊಬ್ಬರು ಬಂದು ಕತ್ತರಿಸಿದ ಸ್ಟ್ರಿಪ್ ತುಂಡು ಗಾಜಿನ ಮೇಲೆ ಇಡುತ್ತಾರೆ. ಹೆಸರು ಇದ್ದ ಕಡೆ ಕತ್ತರಿ ಬಿದ್ದಿರುತ್ತದೆ. ಉಳಿದಿರುವುದು ಅರ್ಧ ಬ್ಯಾಚ್ ನಂಬರ್, ಕೊನೆಯ ಎರಡು ಅಕ್ಷರ, ಖಾಲಿ ಗೂಡು. ‘ಇದೇ ಬಿಳೀ ಮಾತ್ರೆ, ಬಿಪಿದು’ ಅಂತಾರೆ. ಫಾಯಿಲ್ ಬಣ್ಣ ನೋಡಿದರೆ ಯಾವ ಕಂಪನಿ ಅಂತ ನನಗೆ ಅಂದಾಜು ಸಿಗುತ್ತದೆ. ಅಂದಾಜಿನ ಮೇಲೆ ಕೊಡಲಿಕ್ಕಾಗುತ್ತದಾ? ಯಾರಿಗೆ, ಯಾವಾಗಿನಿಂದ, ಬೆಳಿಗ್ಗೆಯೋ ರಾತ್ರಿಯೋ, ಜೊತೆಗೆ ಶುಗರ್ ಮಾತ್ರೆ ಇದೆಯಾ, ಹಳೇ ಚೀಟಿ ಫೋಟೋ ಮಗನ ಹತ್ತಿರ ಇದೆಯಾ ಅಂತ ಕೇಳುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ. ಕೇಳುತ್ತಾ ಹೋದರೆ, ಅವರು ಬಿಪಿದು ಅಂದದ್ದು ಗ್ಯಾಸ್ಟ್ರಿಕ್ ಮಾತ್ರೆ ಆಗಿರುತ್ತದೆ. ಬಾಯಿಗೆ ಬಂದ ಹೆಸರು ನಂಬಿ ಕೊಟ್ಟಿದ್ದರೆ ಏನಾಗುತ್ತಿತ್ತು ಯೋಚಿಸಿ. ಹಾಗಾಗಿ ಮಾವೊಮಾವೊ ಸುಮ್ಮನಿರುವ ಹೊತ್ತಿನಲ್ಲೇ ನನಗೆ ಅವಳು ಹತ್ತಿರದವಳು ಅನ್ನಿಸುತ್ತಾಳೆ.

ಇಷ್ಟು ಎಚ್ಚರದ ಹುಡುಗಿಗೆ ವಿಷ ಕಂಡರೆ ಎಲ್ಲಿಲ್ಲದ ಹಿಗ್ಗು. ಉದ್ಯಾನದ ಔತಣದಲ್ಲಿ ಅವಳು ರಾಣಿಯ ಸೂಪನ್ನು ಮೊದಲು ರುಚಿ ನೋಡುವ ಜಾಗ ಇದೆ. ಬಾಯಿಗಿಟ್ಟ ಕೂಡಲೇ ಕೆನ್ನೆ ಕೆಂಪಾಗುತ್ತದೆ, ಕಣ್ಣು ತೇಲುತ್ತದೆ. ಅಮೃತ ಕುಡಿದವಳ ಹಾಗೆ ನಿಂತು, ಆಮೇಲೆ ತಣ್ಣಗೆ ಇದರಲ್ಲಿ ವಿಷ ಇದೆ ಅಂತಾಳೆ. ದನಿ ಕೊಟ್ಟಿರುವ ಅಓಯಿ ಯೂಕಿ ಅವರ ಆಟ ಅಲ್ಲಿ ಕೇಳಬೇಕು. ತನ್ನೊಳಗೇ ಗೊಣಗುವಾಗ ಒಂದು ದನಿ, ದೊಡ್ಡವರೆದುರು ಇನ್ನೊಂದು, ಔಷಧಿ ಬೇರು ಸಿಕ್ಕಾಗ ಮಗುವಿನದು. ದಯವಿಟ್ಟು ಜಪಾನಿ ದನಿಯಲ್ಲೇ ನೋಡಿ.

ಅಮ್ಮನಿಗಾಗಿ ನಾನು ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಅವರಿಗೆ ಹೆಸರುಗಳು ನೆನಪಿರುವುದಿಲ್ಲ. ಜಿನ್ಶಿ ಅಂದರೆ ‘ಆ ಚೆಂದದ ಹುಡುಗ’, ಲುವೊಮೆನ್ ಅಂದರೆ ‘ಪಾಪದ ಅಜ್ಜ’. ಆ ಅಜ್ಜನನ್ನು ಹಿಂದೆ ಅರಮನೆಯಿಂದ ಯಾಕೆ ಹೊರಗೆ ಹಾಕಿದರು ಅನ್ನುವುದು ಬಿಚ್ಚಿಕೊಳ್ಳುವ ಎಪಿಸೋಡಿನಲ್ಲಿ ಒಂದು ಕೂಸು ಜೇನುತುಪ್ಪದಿಂದ ಸತ್ತಿರುತ್ತದೆ. ಅಮ್ಮ ಥಟ್ಟನೆ ಎದ್ದು ಕೂತರು. ‘ಜೇನಾ? ನಿಮ್ಮಜ್ಜಿ ನಿಮ್ಮಿಬ್ಬರಿಗೂ ನೆಕ್ಕಿಸಿದ್ದರಲ್ಲೇ!’ ಅಂದರು. ಎಪಿಸೋಡ್ ನಿಲ್ಲಿಸಿ ಅವರಿಗೆ ವಿವರಿಸಿದೆ. ಜೇನಿನಲ್ಲಿ ಕೆಲವೊಮ್ಮೆ ಬಾಟುಲಿಸಂ ಅನ್ನುವ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣು ಇರುತ್ತದೆ. ನಮ್ಮ ಹೊಟ್ಟೆಯಲ್ಲಿ ಅದರ ಆಟ ನಡೆಯುವುದಿಲ್ಲ. ವರ್ಷ ತುಂಬದ ಕೂಸಿನ ಕರುಳಿನಲ್ಲಿ ಅದು ಮೊಳೆತು ವಿಷ ಉಗುಳಬಹುದು. ಅದಕ್ಕೇ ವರ್ಷದೊಳಗೆ ಜೇನು ಬೇಡ ಅನ್ನುವುದು. ನಾನು ಇದನ್ನು ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳದ ಅಮ್ಮ, ಮಾರನೇ ದಿನ ಬೆಳಿಗ್ಗೆ ಬಾಣಂತನದಲ್ಲಿರುವ ಚಿಕ್ಕಮ್ಮನ ಸೊಸೆಗೆ ತಾವೇ ಫೋನ್ ಮಾಡಿ ಹೇಳಿದರು.

ಎಲ್ಲವೂ ಮೆಚ್ಚುಗೆ ಆಯಿತು ಅಂತಲ್ಲ. ಜಿನ್ಶಿ ಕಾಲಿಟ್ಟಲ್ಲೆಲ್ಲ ಹೂವು, ಹೊಳಪು, ಮೂರ್ಛೆ ಹೋಗುವ ಹುಡುಗಿಯರು, ಅದು ಜಾಸ್ತಿಯಾಯಿತು. ವೇಶ್ಯೆಯರ ಕೇರಿಯನ್ನು ದೀಪ, ರೇಷ್ಮೆ ಅಂತ ಮಿರಮಿರ ಮಿಂಚಿಸಿದ್ದೂ ಮೊದಮೊದಲು ಕಿರಿಕಿರಿ ಮಾಡಿತು. ಆದರೆ ಅದೇ ಮನೆಯ ಹಿಂದಿನ ಕೋಣೆಯಲ್ಲಿ ಮೂಗು ಕರಗಿಹೋದ ಒಬ್ಬ ಹೆಂಗಸು ಮಲಗಿದ್ದಾಳೆ. ಸಿಫಿಲಿಸ್. ಮಾವೊಮಾವೊ ಅವಳನ್ನು ನೋಡಿಕೊಳ್ಳುತ್ತಾಳೆ, ಗುಣ ಮಾಡಲು ಅವಳ ಹತ್ತಿರ ಏನೂ ಇಲ್ಲ. ಪೆನಿಸಿಲಿನ್ ಕಂಡುಹಿಡಿದದ್ದು 1928ರಲ್ಲಿ, ಸಿಫಿಲಿಸ್‌ಗೆ ಅದನ್ನು ಮೊದಲು ಕೊಟ್ಟಿದ್ದು 1943ರಲ್ಲಿ. ನಮ್ಮ ಶೆಲ್ಫಿನಲ್ಲಿ ಕೈಗೆಟುಕುವಂತೆ ಇರುವ ಆ ಸಣ್ಣ ಬಾಟಲಿ ಅವಳಿಗೆ ಸಿಗಬಾರದಿತ್ತಾ ಅಂತ ಸಂಕಟವಾಯಿತು.

ಉಳಿದ ಅನಿಮೆ ಸರಣಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಚಿಕ್ಕಪ್ಪನ ಮಗ ‘ಸೋಲೋ ಲೆವೆಲಿಂಗ್’ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಹೊಡೆದಾಟದ ಚಿತ್ರಣ ನಿಜಕ್ಕೂ ಭರ್ಜರಿ. ನಾಯಕ ಗೆದ್ದೇ ಗೆಲ್ಲುತ್ತಾನೆ ಅಂತ ಗೊತ್ತಾದ ಮೇಲೆ ನನಗೆ ಅಲ್ಲಿ ಕೂರಲು ಆಗುವುದಿಲ್ಲ. ತಂಗಿಯ ಪಾಲಿಗೆ ‘ಫ್ರೀರೆನ್’ಗಿಂತ ದೊಡ್ಡದಿಲ್ಲ. ಅವಳ ಜೊತೆ ನಾನೂ ಈಗ ಅದನ್ನು ನೋಡುತ್ತಿದ್ದೇನೆ. ಅದರ ನಾಯಕಿ ಫ್ರೀರೆನ್, ಸಾವಿರ ವರ್ಷಕ್ಕೂ ಹೆಚ್ಚು ಬದುಕಿರುವ ಎಲ್ಫ್ (ಕಥೆಗಳಲ್ಲಿ ಬರುವ ದೀರ್ಘಾಯುಷಿ ಜನ), ಸತ್ತುಹೋದ ಗೆಳೆಯ ಹಿಮ್ಮೆಲ್‌ನ ಪ್ರತಿಮೆಯ ಸುತ್ತ ನೆಡಲು ಅವನ ಊರಿನ ಒಂದು ನೀಲಿ ಹೂವನ್ನು ತಿಂಗಳುಗಟ್ಟಲೆ ಹುಡುಕುತ್ತಾಳೆ. ಆ ಪ್ರತಿಮೆ ತೊಳೆಯುವ ಕೆಲಸ ಅವಳಿಗೆ ಕೊಟ್ಟಿದ್ದು ಗಿಡಮೂಲಿಕೆ ಬಲ್ಲ ಒಬ್ಬ ಮುದುಕಿ. ಆ ಎಪಿಸೋಡ್ ನೋಡಿದ ಮೇಲೆ ತಂಗಿಯ ಮಾತಿಗೆ ಅರ್ಧ ಒಪ್ಪಿದ್ದೇನೆ. ಪೂರ್ತಿ ಒಪ್ಪುವುದಿಲ್ಲ.

ನಾವೀಗ ಎರಡನೇ ಸೀಸನ್‌ನಲ್ಲಿ ವ್ಯಾಪಾರಿಗಳ ತಂಡ ಅಂತಃಪುರಕ್ಕೆ ಬಂದು ಹೋಗುವ ಜಾಗ ದಾಟಿದ್ದೇವೆ. ಅವರು ಮಾರಿದ ಸುಗಂಧದ ಎಣ್ಣೆಗಳನ್ನು ಎಲ್ಲ ಹೆಂಗಸರೂ ಹಚ್ಚಿಕೊಂಡು ಓಡಾಡುತ್ತಾರೆ. ಮಾವೊಮಾವೊ ಒಬ್ಬೊಬ್ಬರ ಹತ್ತಿರ ಹೋಗಿ ಮೂಸುತ್ತಾಳೆ, ನೋಡುವವರಿಗೆ ಹುಚ್ಚಿಯೇ ಅನ್ನಿಸಬೇಕು. ಬಿಡಿಬಿಡಿಯಾಗಿ ಒಂದೊಂದೂ ನಿರಪಾಯ. ಬೆರೆತು, ಪ್ರಮಾಣ ಮೀರಿದರೆ ಬಸುರಿಗೆ ಅಪಾಯ. ಆ ರಾತ್ರಿ ನನಗೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ, ಖುಷಿಗೆ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಮೊಣಕಾಲು ನೋವಿಗೆ ಅಂತ ಇನ್ನೊಂದು ಮಾತ್ರೆ ಕೇಳಿದಾಗ ನಾನು ತಡೆಯುವುದು ಇದೇ ಕಾರಣಕ್ಕೆ. ಎರಡೂ ಒಳ್ಳೆಯ ಮಾತ್ರೆಗಳೇ, ಒಟ್ಟಿಗೆ ಹೋದರೆ ಹೊಟ್ಟೆಯಲ್ಲಿ ರಕ್ತ ಸೋರಬಹುದು. ಇದನ್ನು ಜನಕ್ಕೆ ತಿಳಿಯುವ ಹಾಗೆ ಹೇಳಲು ನಾನು ಒದ್ದಾಡುತ್ತೇನೆ. ಆ ಎಪಿಸೋಡ್ ಸಲೀಸಾಗಿ ಹೇಳಿಬಿಟ್ಟಿತು.

ಎಷ್ಟೋ ಅನಿಮೆಗಳು ಈಗ ಹಿಂದಿ, ತಮಿಳು, ತೆಲುಗಿಗೆ ಡಬ್ ಆಗುತ್ತಿವೆ. ಕನ್ನಡದಲ್ಲಿ ಇದೊಂದಾದರೂ ಬರಲಿ. ಜಪಾನಿ ದನಿಯಲ್ಲೇ ನೋಡಿ ಅಂದವಳೇ ಹೀಗೂ ಅನ್ನುತ್ತಿದ್ದೇನೆ, ಯಾಕೆಂದರೆ ಎಲ್ಲ ಅಮ್ಮಂದಿರ ಪಕ್ಕ ಓದಿ ಹೇಳಲು ಯಾರಾದರೂ ಕೂತಿರುತ್ತಾರೆ ಅಂತಿಲ್ಲ. ಮೂರನೇ ಸೀಸನ್ 2026ರ ಅಕ್ಟೋಬರ್‌ಗೆ ಅಂತ ಘೋಷಣೆ ಆಗಿದೆ. ಕಾದಂಬರಿ ಓದಿ ಮುಂದಿನ ಕಥೆ ಗೊತ್ತಿರುವವರು ಕಮೆಂಟಿನಲ್ಲಿ ಬಾಯಿ ಬಿಡಬೇಡಿ. ಲುವೊಮೆನ್ ಅಜ್ಜನಿಗೆ ಏನಾಗುತ್ತದೆ ಅಂತ ಅಮ್ಮ ಈಗಲೇ ಗಂಟು ಬಿದ್ದು ಕೇಳುತ್ತಿದ್ದಾರೆ.