ಸೋಮವಾರ ಯಾವ ಪಾಠ ಐತ್ರಿ?

ಎರಡು ವರ್ಷದಿಂದ ನನ್ನ ಶನಿವಾರದ ಮಧ್ಯಾಹ್ನ ಹೀಗೇ ಕಳೆಯುತ್ತಿದೆ. ಬೆಳಗಿನ ಶಾಲೆ ಮುಗಿದ ಮೇಲೆ ವಿಜಯಪುರದ ಆಸುಪಾಸಿನ ಯಾವುದಾದರೂ ಶಾಲೆಗೆ ಹೋಗಿ, ಅಲ್ಲಿನ ಶಿಕ್ಷಕರ ಜೊತೆ ಕೂತು, ಪಾಠಕ್ಕೆ ಇಂಟರ್‌ನೆಟ್ ಹೇಗೆ ಬಳಸಬಹುದು ಅಂತ ಒಟ್ಟಿಗೆ ನೋಡುತ್ತೇವೆ. ಯಾರೂ ಹೇಳಿ ಕಳಿಸಿದ್ದಲ್ಲ, ಇಷ್ಟಪಟ್ಟು ಮಾಡುತ್ತಿರುವ ಕೆಲಸ.

ಮೊದಮೊದಲು ಇಪ್ಪತ್ತು ವೆಬ್‌ಸೈಟುಗಳ ಪಟ್ಟಿ ಹಿಡಿದುಕೊಂಡು ಹೋಗುತ್ತಿದ್ದೆ. ಎಲ್ಲರೂ ಚೆನ್ನಾಗಿ ಬರೆದುಕೊಳ್ಳುತ್ತಿದ್ದರು. ತಿಂಗಳು ಬಿಟ್ಟು ಹೋಗಿ ಕೇಳಿದರೆ ಒಬ್ಬರೂ ಒಂದನ್ನೂ ತೆರೆದಿರುತ್ತಿರಲಿಲ್ಲ. ತಪ್ಪು ಅವರದಲ್ಲ. ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ ಇವೆಲ್ಲದರ ನಡುವೆ ಆ ಪಟ್ಟಿಯನ್ನು ಯಾರು ತೆಗೆದು ನೋಡುತ್ತಾರೆ? ಈಗ ಹೋದ ಕೂಡಲೇ ಒಂದೇ ಪ್ರಶ್ನೆ ಕೇಳುತ್ತೇನೆ: "ಸೋಮವಾರ ಯಾವ ಪಾಠ ಐತ್ರಿ?"

ಹೋದ ಸಲ ಒಬ್ಬ ವಿಜ್ಞಾನದ ಮೇಡಂ "ಹತ್ತನೇತ್ತೆಗೆ ವಿದ್ಯುತ್ ಐತ್ರಿ ಸರ, ಸರಣಿ ಜೋಡಣೆ, ಸಮಾಂತರ ಜೋಡಣೆ. ಹುಡುಗ್ರಿಗೆ ತಲಿಗೇ ಹತ್ತವಲ್ದು" ಅಂದರು. ಫೆಟ್ ಅಂತ ಒಂದು ತಾಣ ಇದೆ. ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ. ಅದರಲ್ಲಿ ತಂತಿ, ಬಲ್ಬು, ಬ್ಯಾಟರಿ ಎಳೆದು ತಂದು ನಾವೇ ಮಂಡಲ ಕಟ್ಟಬಹುದು. ಮೌಸ್ ಅವರ ಕೈಯಲ್ಲೇ ಇತ್ತು, ನಾನು ಮುಟ್ಟಲಿಲ್ಲ. ಇದೊಂದು ನಾನು ಬಿಡದೆ ಪಾಲಿಸುವ ನಿಯಮ, ಯಾಕಂದರೆ ನಾವು ಚಕಚಕ ಒತ್ತಿ ತೋರಿಸಿದರೆ ನೋಡಿದವರಿಗೆ ಉಳಿಯುವುದು ನಮ್ಮ ವೇಗ ಮಾತ್ರ, ಕೆಲಸ ಬರೋದಿಲ್ಲ. ಮೂರು ಸಲ ತಂತಿ ತಪ್ಪಿತು. ನಾಲ್ಕನೇ ಸಲ ಬಲ್ಬು ಹತ್ತಿತು. ಆಮೇಲೆ ಅವರೇ ಬ್ಯಾಟರಿಯ ಎರಡೂ ತುದಿಗೆ ನೇರವಾಗಿ ತಂತಿ ಜೋಡಿಸಿದರು, ಪರದೆ ಮೇಲೆ ಬ್ಯಾಟರಿಗೆ ಬೆಂಕಿ ಹತ್ತಿಕೊಂಡಿತು. "ಅಯ್ಯ, ಇದನ್ನ ಶಾರ್ಟ್ ಸರ್ಕ್ಯೂಟ್ ಹೇಳಿಕೊಡಾಕ ಇಟ್ಕೋತೀನ್ರಿ" ಅಂದರು.

ಸೋಮವಾರ ತರಗತಿಯಲ್ಲಿ ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. ಒಂದು ಬಲ್ಬು ಹತ್ತಿಸಿ ನಿಲ್ಲಿಸಿದ್ದಾರೆ. ಸರಣಿಯಲ್ಲಿ ಇನ್ನೊಂದು ಬಲ್ಬು ಸೇರಿಸಿದರೆ ಬೆಳಕು ಜಾಸ್ತಿ ಆಗುತ್ತೋ, ಕಡಿಮೆ ಆಗುತ್ತೋ? ಎಲ್ಲರೂ ಮೊದಲು ನೋಟ್‌ಬುಕ್‌ನಲ್ಲಿ ಬರೆಯಬೇಕು, ಆಮೇಲೆ ಪರದೆ ನೋಡಬೇಕು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಜಾಸ್ತಿ ಅಂತ ಬರೆದಿದ್ದರಂತೆ. ಬೆಳಕು ಮಂದ ಆದಾಗ ಗದ್ದಲವೋ ಗದ್ದಲ. ಸಮಾಂತರವಾಗಿ ಜೋಡಿಸಿದಾಗ ಎರಡೂ ಬಲ್ಬು ಮೊದಲಿನಷ್ಟೇ ಬೆಳಗಿದವು. ಕೊನೆಗೆ ನಿಜವಾದ ಸೆಲ್ಲು, ಬಲ್ಬು ಕೊಟ್ಟು ಅವರ ಕೈಯಲ್ಲೇ ಮಾಡಿಸಿದ್ದಾರೆ. ಪರದೆ ಮೇಲೆ ಕಳೆದದ್ದು ಹತ್ತೇ ನಿಮಿಷ. ಅಷ್ಟು ಸಾಕು.

ನೆಟ್‌ವರ್ಕ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ನಮ್ಮ ಹಳ್ಳಿಗಳದ್ದು ಎಲ್ಲರಿಗೂ ಗೊತ್ತು. ಒಂದು ಸಲ ನಲವತ್ತು ಮಕ್ಕಳನ್ನು ಕೂರಿಸಿಕೊಂಡು ವಿಡಿಯೋ ಬರುತ್ತೆ ಅಂತ ಹತ್ತು ನಿಮಿಷ ಕಾದಿದ್ದೇನೆ. ಅವತ್ತಿನಿಂದ ಬೇಕಾದ್ದನ್ನು ಹಿಂದಿನ ರಾತ್ರಿಯೇ ಇಳಿಸಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ. ಫೆಟ್‌ನ ಫೈಲುಗಳನ್ನು ಇಳಿಸಿಟ್ಟರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದೀಕ್ಷಾ ಆ್ಯಪ್‌ನಲ್ಲಿ ಸಿಗುವುದನ್ನೂ ಇಳಿಸಿಟ್ಟುಕೊಳ್ಳಬಹುದು. ಇನ್ನು ಕನ್ನಡ ಟೈಪಿಂಗ್ ಬರೋದಿಲ್ಲ ಅಂತ ಹುಡುಕುವುದನ್ನೇ ಬಿಟ್ಟವರು ಎಷ್ಟೋ ಜನ. ಕೀಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ, ಅಷ್ಟೇ. ಅರವತ್ತಕ್ಕೆ ಹತ್ತಿರ ಬಂದ ಒಬ್ಬ ಸರ್ ತಮ್ಮ ಮಾತು ಅಕ್ಷರವಾಗಿ ಮೂಡಿದ್ದನ್ನು ನೋಡಿ ಮತ್ತೆ ಮತ್ತೆ ಮೈಕ್ ಒತ್ತುತ್ತಿದ್ದರು. ಅವರ ಮುಖ ಈಗಲೂ ಕಣ್ಣ ಮುಂದಿದೆ.

ಗಣಿತದವರಿಗೆ ನಮ್ಮೂರಲ್ಲೇ ಗೋಳಗುಮ್ಮಟ ಇದೆಯಲ್ವಾ! ಗೂಗಲ್ ಅರ್ಥ್‌ನಲ್ಲಿ ಅಳತೆ ಮಾಡುವ ಸೌಲಭ್ಯ ಇದೆ. ಎಂಟನೇ ತರಗತಿಯ ಮಕ್ಕಳು ಮೊದಲು ತಮ್ಮ ಶಾಲೆಯ ಮೈದಾನ ಅಳೆದರು, ಹೊರಗೆ ಹೋಗಿ ಟೇಪ್ ಹಿಡಿದು ತಾಳೆ ನೋಡಿದರು, ಆಮೇಲೆ ಗುಮ್ಮಟಕ್ಕೆ ಬಂದರು. ಕಟ್ಟಡದ ಒಂದು ಬದಿ ಸುಮಾರು 47.5 ಮೀಟರ್. ಆದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಯಾಕೆ ಅಂತ ಅವರೇ ಕಂಡುಹಿಡಿದರು: ಮೂಲೆಯ ಮಿನಾರು ಸೇರಿಸಿ ಅಳೆದವರಿಗೆ ಜಾಸ್ತಿ ಬಂದಿತ್ತು. ಎಲ್ಲಿಂದ ಎಲ್ಲಿಗೆ ಅಳೆದೆ ಅಂತ ಬರೆಯದಿದ್ದರೆ ಅಳತೆಗೆ ಅರ್ಥ ಇಲ್ಲ ಅಂತ ಆ ಹುಡುಗರಿಗೆ ನಾವ್ಯಾರೂ ಹೇಳಿಕೊಡಬೇಕಾಗಲಿಲ್ಲ.

ಬರುವ ಶನಿವಾರ ಬಾಗಲಕೋಟೆ ಕಡೆಯ ಒಂದು ಶಾಲೆಗೆ ಹೊರಟಿದ್ದೇನೆ. ಅಲ್ಲಿನ ಸಮಾಜ ವಿಜ್ಞಾನದ ಸರ್‌ಗೆ ಚಾಲುಕ್ಯರ ಪಾಠ. ಐಹೊಳೆಯ ಮೇಗುತಿ ಗುಡಿಯಲ್ಲಿರುವ ರವಿಕೀರ್ತಿಯ ಶಾಸನ, ಇಸವಿ 634ರದ್ದು, ಅವರ ಶಾಲೆಯಿಂದ ಬಹಳ ದೂರವೇನಲ್ಲ. ಅದರ ಒಳ್ಳೆಯ ಫೋಟೋ ಹುಡುಕಿ ದೊಡ್ಡದು ಮಾಡಿ, ಹಳೆಗಾಲದ ಆ ಲಿಪಿಯಲ್ಲಿ ಇವತ್ತಿನ ಕನ್ನಡಕ್ಕೆ ಹೋಲುವ ಅಕ್ಷರ ಎಷ್ಟು ಸಿಗುತ್ತವೆ ಅಂತ ಮಕ್ಕಳ ಕೈಲೇ ಹುಡುಕಿಸಬೇಕು, ಆಮೇಲೆ ಅವರನ್ನು ಗುಡ್ಡ ಹತ್ತಿಸಿ ಆ ಕಲ್ಲನ್ನೇ ತೋರಿಸಬೇಕು ಅಂತ ಸರ್ ಫೋನಿನಲ್ಲಿ ಹೇಳಿದರು. ಫೋಟೋ ಈಗಾಗಲೇ ಹುಡುಕಲು ಶುರು ಮಾಡಿದ್ದಾರಂತೆ.