ಕಾಗದವೋ ಪರದೆಯೋ ಎಂದು ಕೇಳುವವರಿಗೆ

ಮುದ್ರಿತ ಪುಸ್ತಕಗಳ ಕಾಲ ಮುಗಿಯಿತೇ ಎಂಬ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಒಮ್ಮೆ ಬರೆದಿಡುತ್ತಿದ್ದೇನೆ. ಇನ್ನು ಕೇಳುವವರಿಗೆ ಇದನ್ನೇ ಕೊಡುತ್ತೇನೆ. ಇಲ್ಲ, ಮುಗಿದಿಲ್ಲ. 2007ರಲ್ಲಿ ಇ-ಪುಸ್ತಕ ಓದುವ ಅಮೆಜಾನ್‌ನ ಸಾಧನ ಕಿಂಡಲ್ ಬಂದಾಗ ಕಾಗದಕ್ಕೆ ಇನ್ನು ಕೆಲವೇ ವರ್ಷ ಆಯುಸ್ಸು ಎಂದವರ ಮಾತೂ ಸುಳ್ಳಾಗಿದೆ, ಇ-ಪುಸ್ತಕವೆಂಬುದು ಬರಿಯ ಶೋಕಿ, ನಾಲ್ಕು ದಿನದಲ್ಲಿ ಮೂಲೆ ಸೇರುತ್ತದೆ ಎಂದವರ ಮಾತೂ ಸುಳ್ಳಾಗಿದೆ. ಎರಡೂ ಉಳಿದಿವೆ. ನಾನು ಎರಡರಲ್ಲೂ ಓದುತ್ತೇನೆ.

ಇಷ್ಟಕ್ಕೇ ಬಿಟ್ಟರೆ ಬೇಸರವಿರಲಿಲ್ಲ. ಆದರೆ ಕೇಳುವವರು ಉತ್ತರವನ್ನೂ ಜೊತೆಯಲ್ಲೇ ತಂದಿರುತ್ತಾರೆ. ಕಾಗದದ ಪರವಾಗಿ ಒಂದು ಮಾತಾಡಿದರೆ, "ಹೊಸ ಪುಸ್ತಕದ ವಾಸನೆ, ಅಲ್ಲವೇ?" ಎಂದು ನಗುತ್ತಾರೆ. ವಾಸನೆಗಾಗಿ ನಾನು ಎಂದೂ ಪುಸ್ತಕ ತೆರೆದವನಲ್ಲ. ಒಳಗೆ ಏನು ಬರೆದಿದೆ ಎಂದು ತಿಳಿಯಲು ತೆರೆಯುತ್ತೇನೆ. ಪರದೆಯ ಪರವಾಗಿ ಮಾತಾಡಿದರೆ ಮರ ಉಳಿಸಿದ ಪುಣ್ಯವನ್ನು ನನ್ನ ತಲೆಗೆ ಕಟ್ಟುತ್ತಾರೆ, ಆ ಸಾಧನಕ್ಕಾಗಿ ಗಣಿಯಿಂದ ತೆಗೆದ ಲೋಹವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯಾವುದರಲ್ಲಿ ಓದಿದರೆ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ ಎಂಬುದು ಇದಕ್ಕಿಂತ ಒಳ್ಳೆಯ ಪ್ರಶ್ನೆ, ಅದಕ್ಕೆ ತಕ್ಕಮಟ್ಟಿಗೆ ಉತ್ತರವೂ ಇದೆ. 54 ಅಧ್ಯಯನಗಳ, 1,70,000ಕ್ಕೂ ಹೆಚ್ಚು ಓದುಗರ ಫಲಿತಾಂಶಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಮಾಹಿತಿ ತುಂಬಿದ ಬರಹವನ್ನು, ಅದರಲ್ಲೂ ಗಡುವಿನೊಳಗೆ ಓದುವಾಗ, ಕಾಗದದ ಮೇಲೆ ಓದಿದವರಿಗೆ ತುಸು ಹೆಚ್ಚು ಅರ್ಥವಾಗುತ್ತದೆ. ಕತೆ ಓದುವಾಗ ಅಂಥ ವ್ಯತ್ಯಾಸ ಕಂಡುಬಂದಿಲ್ಲ. ಪರೀಕ್ಷೆಗೆ ಓದುವವರು ಕಾಗದವನ್ನು ಹಿಡಿಯಲಿ, ಕಾದಂಬರಿ ಓದುವವರು ತಮಗೆ ಹಿತವಾದದ್ದನ್ನು ಹಿಡಿಯಲಿ. ಕಣ್ಣು ಮಂಜಾದವರಿಗಂತೂ ಈ ಚರ್ಚೆಯೇ ಅನ್ಯಾಯ. ಅಕ್ಷರವನ್ನು ಹಿಗ್ಗಿಸಬಲ್ಲ, ಗಟ್ಟಿಯಾಗಿ ಓದಿ ಹೇಳಬಲ್ಲ ಪುಸ್ತಕ ಅವರಿಗೆ ಮುಚ್ಚಿದ್ದ ಬಾಗಿಲನ್ನೇ ತೆರೆದಿದೆ. ಅಂಥ ಓದುಗರಿಗೆ ಪುಸ್ತಕಗಳು ಸುಲಭವಾಗಿ ಸಿಗಲೆಂದು 2013ರಲ್ಲಿ ಆದ ಮರಕೇಶ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಅನುಮೋದಿಸಿದ್ದು ಭಾರತ ಎಂಬುದು ನನಗೆ ಹೆಮ್ಮೆಯ ಸಂಗತಿ.

ಒಮ್ಮೆ ಪರಿಚಿತರೊಬ್ಬರು ನನ್ನ ಕಪಾಟಿನ ಮುಂದೆ ನಿಂತು, "ಇಷ್ಟು ಜಾಗ ಏಕೆ ಹಾಳು ಮಾಡಿದ್ದೀರಿ? ಇವೆಲ್ಲ ಒಂದು ಫೋನಿನಲ್ಲಿ ಹಿಡಿಯುತ್ತವಲ್ಲ" ಎಂದರು. ಅವರ ಫೋನಿನಲ್ಲಿ ನಾನು ಬಹಳ ದಿನದಿಂದ ಓದಬೇಕೆಂದಿದ್ದ ಪುಸ್ತಕವೊಂದಿತ್ತು. ಒಂದು ವಾರದ ಮಟ್ಟಿಗೆ ಕೊಡುತ್ತೀರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ತಡಕಾಡಿ, "ಇದು ನನ್ನ ಖಾತೆಯಲ್ಲಿದೆ, ಕೊಡುವುದಕ್ಕೆ ಬರುವುದಿಲ್ಲ" ಎಂದರು. ಹಣ ಕೊಟ್ಟವರು ನೀವು, ಪುಸ್ತಕ ಯಾರದು ಎಂದು ಕೇಳಿದಾಗ ಮಾತು ಬೇರೆಡೆಗೆ ತಿರುಗಿತು. ನನ್ನನ್ನು ಯಾರಾದರೂ ಕೇಳಬೇಕಿದ್ದ ಪ್ರಶ್ನೆ ಅದು.

ನಕಲಿಸಲು, ಬೇರೆಯವರಿಗೆ ಕೊಡಲು ಬಾರದಂತೆ ತಂತ್ರಾಂಶದ ಬೀಗ ಹಾಕಿದ ಇ-ಪುಸ್ತಕವನ್ನು ಕೊಳ್ಳುವಾಗ ನಮಗೆ ಸಿಗುವುದು ಸಾಮಾನ್ಯವಾಗಿ ಓದುವ ಪರವಾನಗಿ ಮಾತ್ರ. ಅದರ ಷರತ್ತುಗಳನ್ನು ಬರೆಯುವವರು ಮಾರುವವರೇ. 2009ರ ಜುಲೈನಲ್ಲಿ, ಹಕ್ಕಿಲ್ಲದ ಪ್ರಕಾಶಕನೊಬ್ಬ ಮಾರಾಟಕ್ಕಿಟ್ಟಿದ್ದನೆಂಬ ಕಾರಣಕ್ಕೆ, ಅಮೆಜಾನ್ ಸಂಸ್ಥೆಯು ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಣವನ್ನು ಹಿಂದಿರುಗಿಸಿತು, ಆಮೇಲೆ ಕ್ಷಮೆಯನ್ನೂ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಕೊಂಡಿದ್ದ ಪುಸ್ತಕಗಳೆಲ್ಲ ತೆರೆಯದಾದವು. ಅಲ್ಲಿಯೂ ಹಣ ವಾಪಸು ಬಂತು. ಹಣ ಬಂದಿತಲ್ಲ, ತಕರಾರೇನು ಎನ್ನುವವರಿದ್ದಾರೆ. ನಾನು ಕೊಂಡ ಪುಸ್ತಕವನ್ನು ಅಂಗಡಿಯವನು ನನ್ನ ಮನೆಗೆ ಬಂದು ಎತ್ತಿಕೊಂಡು, ಮೇಜಿನ ಮೇಲೆ ದುಡ್ಡಿಟ್ಟು ಹೋದರೆ ಇದೇ ಮಾತನ್ನು ಯಾರೂ ಆಡಲಾರರು.

ಗ್ರಂಥಾಲಯಗಳ ಪಾಡು ಇನ್ನೂ ಕಷ್ಟ. ಮುದ್ರಿತ ಪ್ರತಿಯನ್ನು ಕೊಂಡ ಗ್ರಂಥಾಲಯ, ಹಾಳೆ ಹರಿಯುವವರೆಗೆ, ಹರಿದ ಮೇಲೆ ರಟ್ಟು ಕಟ್ಟಿಸಿ ಇನ್ನಷ್ಟು ಕಾಲ, ಅದನ್ನು ಎರವಲು ಕೊಡಬಹುದು. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಎಂಬ ಪ್ರಕಾಶನ ಸಂಸ್ಥೆ ಗ್ರಂಥಾಲಯಗಳಿಗೆ ಕೊಡುವ ಇ-ಪುಸ್ತಕಗಳಿಗೆ 26 ಎರವಲುಗಳ ಮಿತಿ ಹಾಕಿತು: 27ನೆಯ ಓದುಗ ಬಂದರೆ ಮತ್ತೆ ಪರವಾನಗಿ ಕೊಳ್ಳಬೇಕು. ಎಂದೂ ಸವೆಯದ ಫೈಲಿಗೆ ಸವೆತವನ್ನು ಒಪ್ಪಂದದಲ್ಲಿ ಬರೆದು ಕೊಟ್ಟದ್ದನ್ನು ನಾನು ಇಂದಿಗೂ ಒಪ್ಪಲಾರೆ.

ಕಾಗದವು ಶಾಶ್ವತವೆಂದು ನಾನು ಹೇಳುತ್ತಿಲ್ಲ. ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಮರದ ತಿರುಳು ಮತ್ತು ಆಮ್ಲೀಯ ಲೇಪನದಿಂದ ತಯಾರಾದ ಎಷ್ಟೋ ಹಾಳೆಗಳು ಮುಟ್ಟಿದರೆ ಮುರಿಯುತ್ತವೆ. ಆದರೆ ಡಿಜಿಟಲ್ ಬರಹ ಉಳಿಯಬೇಕಾದರೆ ಅದನ್ನು ಹೊಸ ಯಂತ್ರಗಳಿಗೆ ನಕಲಿಸುತ್ತಲೇ ಇರಬೇಕು. 1086ರ ಇಂಗ್ಲೆಂಡಿನ ಡೂಮ್ಸ್‌ಡೇ ಎಂಬ ಭೂಮಿ-ಆಸ್ತಿಗಳ ದಾಖಲೆಯನ್ನು ಇಂದಿಗೂ ತೆರೆದು ಓದಬಹುದು. ಅದರ 900ನೆಯ ವರ್ಷಕ್ಕೆಂದು ಬಿಬಿಸಿ 1986ರಲ್ಲಿ ಲೇಸರ್ ಡಿಸ್ಕಿನಲ್ಲಿ ಹೊರತಂದ ಹೊಸ ದಾಖಲೆಯನ್ನು ಓದುವ ಯಂತ್ರಗಳು ಎರಡು ದಶಕದೊಳಗೇ ಅಪರೂಪವಾಗಿ, ತಜ್ಞರು ಬಹಳ ಶ್ರಮಪಟ್ಟು ಅದನ್ನು ಉಳಿಸಬೇಕಾಯಿತು. ನಕಲಿಸಿದರಷ್ಟೇ ಬದುಕುವ ವಸ್ತುವಿಗೆ ನಕಲಿಸಲಾಗದಂತೆ ಬೀಗ ಹಾಕುತ್ತಿದ್ದೇವೆ. ನನ್ನ ಸಿಟ್ಟೆಲ್ಲ ಆ ಬೀಗದ ಮೇಲೆ, ಪರದೆಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ.

ಹಾಗಾಗಿ ನಾನು ಕೊಳ್ಳುವ ಬಗೆ ಇದು: ಬೀಗವಿಲ್ಲದ ಇಪಬ್ (ಇ-ಪುಸ್ತಕದ ಒಂದು ಫೈಲ್ ರೂಪ) ಸಿಕ್ಕರೆ ಸಂತೋಷದಿಂದ ಕೊಂಡು ಎರಡು ಕಡೆ ಪ್ರತಿ ಇಡುತ್ತೇನೆ. ಬೀಗವಿದ್ದರೆ, ಮತ್ತೆ ಮತ್ತೆ ಬೇಕಾಗುವ ಮತ್ತು ಬೇರೆಯವರಿಗೆ ಕೊಡಬೇಕೆನಿಸುವ ಪುಸ್ತಕವನ್ನು ಮುದ್ರಿತ ಪ್ರತಿಯಲ್ಲೇ ಕೊಳ್ಳುತ್ತೇನೆ. ಒಮ್ಮೆ ಓದಿ ಮುಗಿಸುವುದಾದರೆ ಬೀಗವಿದ್ದರೂ ಪರದೆಯ ಮೇಲೆಯೇ ಓದುತ್ತೇನೆ, ಅದಕ್ಕೆ ಕೊಟ್ಟದ್ದು ಬಾಡಿಗೆ ಎಂದು ತಿಳಿದೇ ಕೊಡುತ್ತೇನೆ.